ಮೆಕ್ಸಿಕೊ ಚೀಟಿಗಳ ರವಿವಾರ

“ಅಲ್ರೀ ಮೇಡಂ… ಎಲ್ಲಾದ್ರಾಗೂ ಒಂದ ಮುಖ ಐತಲ್ರಿ?”

ಆರತಿ ಬೆಚ್ಚಿ ತಲೆಯೆತ್ತಿದಳು.

ಧಾರವಾಡದ ಅಂಚೆಚೀಟಿ ಪ್ರದರ್ಶನದಲ್ಲಿ ಅವಳ ಚೌಕಟ್ಟಿನ ಮುಂದೆ ಬೆಳಿಗ್ಗೆಯಿಂದ ಒಂದು ನರಪಿಳ್ಳೆಯೂ ನಿಂತಿರಲಿಲ್ಲ. ಜನವೆಲ್ಲ ಗಾಂಧಿ ಚೀಟಿ, ಚಿಟ್ಟೆ ಚೀಟಿ ಅಂತ ಆ ಕಡೆಗೇ ಮುಗಿಬಿದ್ದಿತ್ತು. ನೂರೈವತ್ತು ವರ್ಷದ ಹಿಂದಿನ ಮೆಕ್ಸಿಕೊ ಚೀಟಿಗಳನ್ನು ಕೇಳುವವರು ಯಾರು? ಇವನ್ನೇ ಕೂಡಿಸುತ್ತ ಕೂಡಿಸುತ್ತ ಮೂವತ್ತೆಂಟು ತುಂಬಿತ್ತು, ಪುಣ್ಯಾತ್ಗಿತ್ತಿಗೆ!

ಎದುರಿಗೆ ನಿಂತವನ ಕೈಯಲ್ಲಿ ಸ್ಕ್ರೂಡ್ರೈವರ್. ಸಭಾಂಗಣದ ಕೂಲರ್ ರಿಪೇರಿಗೆ ಬಂದವನು.

“ಮುಖ ಒಂದ ಇರ್ಲಿ, ಅದರ ಮ್ಯಾಲಿನ ಊರ ಹೆಸರು ನೋಡ್ರಿ! ಆವಾಗ ದಾರ್ಯಾಗ ಚೀಟಿ ಕಳುವಾಗ್ತಿದ್ವಂತ. ಕದ್ದಿದ್ದು ಬ್ಯಾರೆ ಕಡೆ ನಡೀಬಾರದಂತ ಒಂದೊಂದು ಜಿಲ್ಲಾಕ್ಕ ಒಂದೊಂದು ಹೆಸರು ಒತ್ತತಿದ್ರು. ಸಣ್ಣ ಊರಿಂದು ಸಿಗೂದ ಕಷ್ಟ. ಆದ್ರೂ ಯಾರಿಗೂ ಬೇಕಾಗಿಲ್ಲ.”

“ನಿಮಗ ಬೇಕಾಗೈತಲ್ರಿ,” ಎಂದನವನು.

ಅಷ್ಟೇ ಮಾತು! ಆರತಿ ಪಕ್ಕದ ಕುರ್ಚಿಯನ್ನು ಅವನತ್ತ ಸರಿಸಿದಳು.

ಅವನ ಹೆಸರು ಬಸವಕಿರಣ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮೋಟಾರು ರಿಪೇರಿ ಅಂಗಡಿ. ಆಮೇಲೆ ಪ್ರತಿ ರವಿವಾರ ಅಲ್ಲಿಂದ ಧಾರವಾಡದ ಕೆಲಗೇರಿಗೆ, ಅವಳ ಬಾಡಿಗೆ ಮನೆಯ ಕಟ್ಟೆಗೆ ಬರತೊಡಗಿದ. ಪಕ್ಕದಲ್ಲೇ ಮನೆಯೊಡತಿ ಉಡಚವ್ವ ಜೋಳ ಹಸನು ಮಾಡುತ್ತ ಕೂತಿರುವಳು. ಆರತಿ ಚೀಟಿ ಅಂಟಿದ ಹರಿದ ಕಾಗದದ ತುಣುಕುಗಳನ್ನು ತಟ್ಟೆಯ ನೀರಿನಲ್ಲಿ ನೆನೆಹಾಕಿ, ಚೀಟಿ ಬಿಡಿಸುತ್ತ ಮಾತಾಡುವಳು… ಅವನು ಚಹಾ ಕುಡಿಯುತ್ತ ಕೇಳುವನು. ವಾರವಿಡೀ ಯಾರೊಂದಿಗೂ ಆಡದ ಮಾತೆಲ್ಲ ಅಂದು ಹೊರಬೀಳುತ್ತಿತ್ತು.

‘ಕಡೀಕೂ ಚೀಟಿ ತಿಳಿದವನೊಬ್ಬ ಸಿಕ್ಕ!’ ಎಂದುಕೊಂಡಿದ್ದಳು.

ಒಂದು ರವಿವಾರ ಅವನು ಪುಟ್ಟ ಪೊಟ್ಟಣ ತಂದ.

“ಆನ್‌ಲೈನ್‌ನ್ಯಾಗ ಹುಡುಕಿ ತರಿಸೇನ್ರಿ. ನಿಮಗ ಬೇಕಾಗಿದ್ದ ಊರು ಹೌದೋ ಅಲ್ಲೋ ನೋಡ್ರಿ.”

ಬಿಚ್ಚಿದಳು. ಅದೇ ಊರು… ಅವಳು ವರ್ಷಗಟ್ಟಲೆ ಹುಡುಕಿದ್ದು.

“ಹಳೇ ಲಕೋಟಿಗೆ ಅಂಟಿತ್ರಿ. ನೀವು ಮಾಡೂವಂಗ ನೀರಾಗ ಹಾಕಿ ಬಿಡಿಸಿದೆ. ಲಕೋಟಿ ಹೊಲಸಾಗಿತ್ತು, ಒಗದುಬಿಟ್ಟೆ.”

ಆರತಿಯ ಮುಖ ಬಿಳಿಚಿತು. ಬಿಡಿ ಚೀಟಿ ಹೇಗೋ ಸಿಕ್ಕೀತು; ಇಡೀ ಲಕೋಟೆಯೊಂದಿಗೆ ಸಿಗುವುದು ಕನಸಿನ ಮಾತು. ಅಂಥದ್ದನ್ನು ಯಾರಾದರೂ ನೀರಿಗೆ ಹಾಕುತ್ತಾರೆಯೇ!

“ಏನ್ ಮಾಡಿದ್ರಿ ಇದು! ಇಷ್ಟು ದಿನ ಹೇಳೇನಿ, ಒಂದೂ ತಲಿಗೆ ಹೋಗಿಲ್ಲೇನು? ಮತ್ತ ಯಾಕ ಬರ್ತೀರಿ ಇಲ್ಲಿ?”

ಬಸವಕಿರಣ ಎದ್ದು ನಿಂತ.

“ತಪ್ಪಾತ್ರಿ,” ಎಂದವನೇ ಹೋಗಿಬಿಟ್ಟ.

ಮುಂದಿನ ರವಿವಾರ ಬರಲಿಲ್ಲ. ಅದರ ಮುಂದಿನದೂ ಹಾಗೇ ಹೋಯಿತು. ಆರತಿ ಆಲ್ಬಮ್ ತೆರೆದಳು, ಮುಚ್ಚಿದಳು. ಮೊದಲೂ ಒಬ್ಬಳೇ ಇದ್ದಳಲ್ಲ, ಆಗ ಹೀಗೆ ಬಿಕೋ ಅನ್ನಿಸಿರಲಿಲ್ಲ. ಈಗ ಮನೆ ತಿನ್ನಲು ಬರುತ್ತಿತ್ತು. ರೂಢಿಯ ಮೇಲೆ ಎರಡು ಕಪ್ ಚಹಾ ಸೋಸಿ, ಒಂದನ್ನು ಹಿಡಿದು ಕಟ್ಟೆಗೆ ಬಂದಳು.

ಉಡಚವ್ವ ಬಾಯಿ ಕಟ್ಟಿಕೊಂಡು ಕೂರುವ ಪೈಕಿಯೇ?

“ಅವಗ ಚಹಾ ಸೇರೂದಿಲ್ಲ, ಗೊತ್ತೈತೇನ ನಿನಗ?”

“ಏನಂದ್ರಿ?”

“ಹೂಂ ಮತ್ತ! ಕುಡದ್ರ ಎದಿ ಉರೀತೈತಂತ. ನೀ ಕೊಡ್ತಿದ್ದಿ, ಅವ ಪಾಪ ಕುಡೀತಿದ್ದ. ನಾ ಕೇಳಿದ್ದಕ್ಕ ಹೇಳಿದ. ನೀ ಎಂದಾರ ಕೇಳೀ ಏನವ್ವಾ?”

ಕೇಳಿರಲಿಲ್ಲ! ಮನೆಯಲ್ಲಿ ಯಾರಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೋ ಇಲ್ಲವೋ… ಒಂದನ್ನೂ ಕೇಳಿರಲಿಲ್ಲ. ಮೆಕ್ಸಿಕೊದ ಮೂಲೆಮೂಲೆಯ ಊರು ಬಾಯಿಪಾಠ. ಇವನ ಹುಟ್ಟೂರು ಯಾವುದೆಂದು ಗೊತ್ತಿರಲಿಲ್ಲ. ಆರತಿಗೆ ನಾಚಿಕೆಯಿಂದ ಕಣ್ಣು ತುಂಬಿ ಬಂತು.

ಮರುದಿನ ತಾನು ಕೆಲಸ ಮಾಡುವ ರಾಯಾಪುರದ ಆಫೀಸಿಗೆ ರಜೆ ಹಾಕಿ ನೇರ ಗೋಕುಲ ರಸ್ತೆಗೆ ಹೋದಳು. ಬಸವಕಿರಣ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಅವಳನ್ನು ಕಂಡು ದಡಬಡಿಸಿ ಎದ್ದ.

“ಬರ್ರಿ… ಕೂಡಾಕ ಇಲ್ಲಿ ಏನೂ ಇಲ್ರಿ.”

“ಅವತ್ತ ಭಾಳ ಬಿರುಸು ಮಾತಾಡಿದೆ.”

“ಖರೇನ ಅಂದೀರಿ. ನನ್ನ ತಲಿಗೆ ಒಂದೂ ಹೋಗಿಲ್ರಿ. ಚೀಟಿ ವಿಷಯ ಬಂದ್ರ ನನಗ… ನಿದ್ದಿ ಬರತೈತ್ರಿ.”

“ಮತ್ತ ಯಾಕ ಬರ್ತಿದ್ರಿ?”

ಅವನು ನೆಲ ನೋಡಿದ. “ನೀವು ಮಾತಾಡೂದು ಕೇಳಾಕ. ಈ ಮೋಟಾರಿನ ಸದ್ದು ಬಿಟ್ರ ನನಗೂ ಯಾರಿಲ್ರಿ… ನೀವಂದ್ರ ನನಗ ಜೀವ.”

ಆರತಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಚೀಟಿ ತಿಳಿದವನು ಸಿಕ್ಕಿರಲಿಲ್ಲ. ಅವಳನ್ನೇ ಬಯಸಿದವನು ಸಿಕ್ಕಿದ್ದ!

ಅಲ್ಲೇ ಇದ್ದ ಮೋಟಾರೊಂದರ ಮೇಲೆ ಕೂತೇಬಿಟ್ಟಳು.

“ಇವತ್ತ ನಾ ಮಾತಾಡೂದಿಲ್ಲ. ನೀವ ಹೇಳ್ರಿ.”

“ಏನ್ ಹೇಳ್ಲಿ?”

“ಎಲ್ಲಾ. ಮದ್ಲ ಇದು ಹೇಳ್ರಿ… ಉಂಡ್ರೇನು?”

ಅವನು ಕೈಯಲ್ಲಿದ್ದ ತಂತಿ ಕೆಳಗಿಟ್ಟ. “ಹಿಂಗ ಯಾರಾರ ಕೇಳಿ ಭಾಳ ವರ್ಷಾತ್ರಿ.”

“ಇನ್ನ ದಿನಾ ಕೇಳ್ತೇನಿ, ಜೀವ ಇರೂತನಕ. ನಡೀತೈತೇನ್ರಿ?”

“ನಡೀತೈತ್ರಿ… ಉಂಡಿಲ್ಲ.”

“ನಾನೂ ಉಂಡಿಲ್ಲ. ಅಂಗಡಿ ಮುಚ್ಚ್ರಿ, ಹೋಗೂಣು.”