ಎತ್ತಿದವರೇ ಮುಚ್ಚಬೇಕು

"ನನ್ನ ಆಕ್ಷೇಪಣೆ ಮುಚ್ಚಾಕ ನೀವು ಯಾರ್ರೀ?"

ಹೈದರಾಬಾದಿನ ಬೇಗಂಪೇಟೆಯಲ್ಲಿ ನಡೆದಿದ್ದ ಆ್ಯಪ್ ತಂಡದ ಸಭೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಬಾಗಿಲಲ್ಲಿ ಶಿವದೇವಿ! ಅಮೀರ್‌ಪೇಟ್‌ನಲ್ಲಿ ಕೋಡಿಂಗ್ ಕಲಿಸುವವಳು. ಪರದೆಯ ಮುಂದಿದ್ದವನು ಹುಲಗೇಶ, ಬಸ್ ಎಲ್ಲಿದೆ ಎಂದು ತೋರಿಸುವ ಓಪನ್ ಸೋರ್ಸ್ ಆ್ಯಪ್‌ನ ಮುಖ್ಯಸ್ಥ. ಅದರ ಕೋಡ್ ಯಾರು ಬೇಕಾದರೂ ಓದಬಹುದು, ತಪ್ಪು ತೋರಿಸಬಹುದು. ಹಾಗಂತ ಹೇಳಿಕೊಳ್ಳುವುದಷ್ಟೇ!

ಆರು ತಿಂಗಳಿಂದ ಆನ್‌ಲೈನ್ ಚರ್ಚೆಯಲ್ಲಿ ಅವನ ಮಾತು ಓದಿ ಓದಿ ಅವಳು ಮನಸ್ಸು ಕೊಟ್ಟಿದ್ದಳು. ಅಂಥವನೇ ಹೊಸ ವಿನ್ಯಾಸದ ಮೇಲಿನ ಅವಳ ಆಕ್ಷೇಪಣೆಗೆ 'ಚರ್ಚೆ ಮುಗಿದಿದೆ' ಎಂದು ಬರೆದು ಮುಚ್ಚಿಬಿಟ್ಟಿದ್ದ.

ಎಷ್ಟು ಸೊಕ್ಕು ಇವನಿಗೆ...

"ಎಂಟು ತಾಸು ಆ್ಯಪ್ ಮುಟ್ಟದಿದ್ರ ಲಾಗೌಟ್, ಮತ್ತ ಓಟಿಪಿ. ಇದೇನ್ ವಿನ್ಯಾಸರಿ?"

"ಸುರಕ್ಷತೆಗೆ ಬೇಕ್ರಿ. ಅಷ್ಟೊತ್ತು ಫೋನ್ ಮುಟ್ಟದ ಯಾರಿರ್ತಾರ?"

"ನಮ್ಮಪ್ಪ!"

ಅವಳು ನೇರ ಪರದೆಯ ಹತ್ತಿರ ಬಂದಳು.

"ಪಟಾನ್‌ಚೆರು ಔಷಧ ಕಾರ್ಖಾನ್ಯಾಗ ಗೇಟಿನ್ಯಾಗ ಫೋನ್ ಇಸ್ಕೊಂತಾರ. ಶಿಫ್ಟ್ ಬಿಟ್ಟು ಓಟಿಪಿ ಬರೂದ್ರಾಗ ಬಸ್ ಹೋಗಿರ್ತೈತಿ. ಅಲ್ಲಿ ದುಡಿಯೋರನ್ನ ಕೇಳದ ಇದನ್ನ ಪಾಸ್ ಮಾಡಾಕ ನಾ ಬಿಡಂಗಿಲ್ಲ! ಆಕ್ಷೇಪಣೆ ಎತ್ತಿದವ್ರ ಮುಚ್ಚಬೇಕು, ನೀವಲ್ಲ!"

ಉತ್ತರಕ್ಕೂ ಕಾಯದೆ ಹೊರಟಳು. ಮರುದಿನ ಕಾರ್ಖಾನೆಯ ಬಸ್ ನಿಲ್ದಾಣದಲ್ಲಿ ವಿನ್ಯಾಸದ ಚಿತ್ರ ಅಂಟಿಸಿ, ಕಾರ್ಮಿಕರ ತೆಲುಗು, ಹಿಂದಿ, ಕನ್ನಡದ ಮಾತುಗಳನ್ನೆಲ್ಲ ಹೊಸ ಆಕ್ಷೇಪಣೆಯಾಗಿ ಆನ್‌ಲೈನ್ ಚರ್ಚೆಗೆ ಏರಿಸಿದಳು. 'ಮುಚ್ಚಲಿ ನೋಡೋಣ!'

ಯಾರೂ ಮುಚ್ಚಲಿಲ್ಲ. ವಾರದ ಮೇಲೆ ಮಧ್ಯಾಹ್ನ ಶಿಫ್ಟ್ ಬಿಡುವ ಹೊತ್ತಿಗೆ ಅವಳು ಮತ್ತೆ ಆ ನಿಲ್ದಾಣಕ್ಕೆ ಬಂದಿದ್ದಳು. ಅಪ್ಪ ಅಮೃತಪ್ಪನ ಜೊತೆ ಗೇಟಿನಿಂದ ಹೊರಬಂದವನನ್ನು ಕಂಡು ಬೆರಗಾದಳು. ಹುಲಗೇಶ!

"ಮೂರು ದಿನ ಆತವ್ವ, ಇಂವ ನನ್ನ ಫೋನಿನ ಜೋಡಿ ತನ್ನ ಫೋನೂ ಗೇಟಿನ್ಯಾಗ ಇಟ್ಟು, ಶಿಫ್ಟ್ ಮುಗಿಯೂತನಕ ಕಾವಲುಗಾರನ ಹತ್ರ ಕುಂದರತಾನ," ಅಪ್ಪ ನಕ್ಕ. "ನಿನಗ ಹೇಳಬ್ಯಾಡ ಅಂದಿದ್ದ."

ಅಮೃತಪ್ಪ ಚಹಾದ ನೆಪ ಹೇಳಿ ಜಾಗ ಖಾಲಿ ಮಾಡಿದ.

"ಮೂರೂ ದಿನ ಬಸ್ ತಪ್ಪೈತ್ರಿ," ಹುಲಗೇಶ ತಲೆ ತಗ್ಗಿಸಿದ. "ನಿಮ್ಮ ಎಲ್ಲಾ ಮಾತೂ ಓದ್ತಿದ್ದೆ. ಅವತ್ತು ಅದೊಂದನ್ನ ಅವಸರದಾಗ ಓದದ ಮುಚ್ಚಿದೆ. ತಪ್ಪು ನಂದು ಅಂತ ಎಲ್ಲಾರ ಮುಂದ ಬರದೀನಿ. ಇನ್ನ ಎತ್ತಿದವ್ರ ಮುಚ್ಚೂದು, ಅದ ನಿಯಮ."

ಅವಳ ಕಣ್ಣು ತುಂಬಿತು. ಸೊಕ್ಕು ಅಂದುಕೊಂಡಿದ್ದೆನಲ್ಲ...

"ಇನ್ನೊಂದು ಮಾತು... ನಿಮ್ಮನ್ನ ಮದುವಿ ಆಗಬೇಕಂತ ಆಸೆ ಐತ್ರಿ. ಆಕ್ಷೇಪಣೆ ಐತೇನು?"

"ಐತಿ!"

ಅವನ ಮುಖ ಬಾಡಿತು.

"ಆರು ತಿಂಗಳಿಂದ ಕಾಯಾಕತ್ತೀನಿ. ಇಷ್ಟು ತಡಾ ಯಾಕ್ರಿ?"

"ಅಂದ್ರ... ಮುಚ್ಚಲೇನು?"

"ನೀವಲ್ಲ! ಎತ್ತಿದವ್ರ ಮುಚ್ಚಬೇಕು," ಎಂದು ಅವನ ಕೈ ಹಿಡಿದಳು.

ಬಸ್ ಬಂತು, ನಿಂತಿತು, ಹೋಯಿತು.

"ಬಸ್ ಹೋತಲ್ರಿ..." ಅವನೆಂದ.

"ಹೋಗ್ಲಿ ಬಿಡ್ರಿ. ನನ್ನ ಆಕ್ಷೇಪಣೆ ನಾನ ಮುಚ್ಚೀನಿ."