ಕವನಳ ಹೆಸರಿನ ಸ್ಕ್ಯಾನ್

"ನನ್ ಮಗಳ ತಲೆ ಒಳ್ಗೆ ಕಿವಿನೇ ಇಲ್ವಂತೆ ಮೇಡಂ. ನಾನ್ ಒಪ್ಪಲ್ಲ."

ಚಪ್ಪಲಿ ಬಿಡುವ ಮೊದಲೇ ಕಳಲೆಯ ಮಧುಶ್ರೀ ಹೇಳಿದ ಮಾತು ಇದು. ಸೊಂಟದ ಮೇಲೆ ನಾಲ್ಕು ವರ್ಷದ ಕವನ, ಕೈಯಲ್ಲಿ ಸ್ಕ್ಯಾನ್ ಫಿಲ್ಮಿನ ಕವರು. ಮಗುವಿಗೆ ಹುಟ್ಟು ಕಿವುಡು. ಒಳಗಿವಿಗೆ ಯಂತ್ರ ಕೂರಿಸುವ ಆಪರೇಷನ್‌ಗೆ ದಿನವೂ ಗೊತ್ತಾಗಿತ್ತು. ಆದರೆ ಎರಡೂ ಕಡೆ ಒಳಗಿವಿಯ ಸುರುಳಿಯೇ ಬೆಳೆದಿಲ್ಲ, ಕೂರಿಸಲು ಜಾಗವಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಬೆನ್ನ ಹಿಂದೆ ತಮಟೆ ಬಡಿದರೆ ಮಗು ತಿರುಗುತ್ತದೆ, ಏನೂ ಇಲ್ಲದವಳು ಹೇಗೆ ತಿರುಗಿಯಾಳು ಎಂಬುದು ಮಧುಶ್ರೀಯ ಹಟ.

ತಿ. ನರಸೀಪುರದಲ್ಲಿ ಜಾನಕಮ್ಮನವರ ಮಹಡಿಯಲ್ಲಿ ಬಾಡಿಗೆಗಿದ್ದವಳು ನಾನು, ಪ್ರಿಯಂವದಾ. ಆಕೆ ಮೂವತ್ತು ವರ್ಷ ಎಕ್ಸ್‌ರೇ ತೆಗೆದು ನಿವೃತ್ತರಾದವರು. ಊರವರ ಒಗಟುಗಳೆಲ್ಲ ಬಂದು ಬೀಳುತ್ತಿದ್ದುದು ಅವರ ಜಗಲಿಗೇ. ಸ್ಕ್ಯಾನ್ ಸೆಂಟರಿನವರೇ ಅದಲುಬದಲು ಮಾಡಿರಬೇಕು, ಅವರಿಗೆ ಬುದ್ಧಿ ಕಲಿಸೋಣ ಎಂದು ನಾನು ಸೆರಗು ಬಿಗಿದೆ. ಜಾನಕಮ್ಮ ನನ್ನತ್ತ ನೋಡಲೂ ಇಲ್ಲ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು, ಮಗುವಿನ ಕಿವಿ ಮುಟ್ಟಿ ನೋಡಿದರು.

"ಇನ್ನೂ ಚುಚ್ಚಿಸಿಲ್ವಾ?"

ಹರಕೆಯಂತೆ. ಮಗುವಿಗೆ ಕಿವಿ ಕೇಳಿಸಿದ ಮೇಲೆ ನಂಜನಗೂಡಿನ ದೇವಸ್ಥಾನದಲ್ಲೇ ಚುಚ್ಚಿಸಬೇಕು ಎಂದು ಮಧುಶ್ರೀಯ ಅತ್ತೆ, ದೊಡ್ಡಮ್ಮ ಎಂಬಾಕೆ, ಹೇಳಿಕೊಂಡಿದ್ದರಂತೆ. ಸ್ಕ್ಯಾನಿನ ದಿನ ಮಧುಶ್ರೀಗೆ ಗಾರ್ಮೆಂಟ್ಸ್‌ನಲ್ಲಿ ರಜ ಸಿಗದೆ, ಮಗುವನ್ನು ಕರೆದೊಯ್ದವರು ದೊಡ್ಡಮ್ಮ. ಅಕ್ಕನನ್ನು ಬಿಟ್ಟು ಕವನ ಎಲ್ಲೂ ಹೋಗಳು ಎಂದು ಭಾವನ ಮಗಳು ಸಮೀಕ್ಷಾಳೂ ಜೊತೆಗೆ ಹೋಗಿದ್ದಳು. ಆರು ವರ್ಷದ ಸಣಕಲು ಹುಡುಗಿ, ಅವಳಿಗೂ ಕಿವುಡು. ಅವಳ ತಾಯಿ ಮಹದೇವಮ್ಮ ಮಗಳಿಗೆ ಒಂದು ಸ್ಕ್ಯಾನನ್ನೂ ಮಾಡಿಸಿರಲಿಲ್ಲ. ಹೊಟ್ಟೆಕಿಚ್ಚಿಗೆ ಇವಳೇ ಏನೋ ಮಾಡಿದ್ದಾಳೆ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ.

ಜಾನಕಮ್ಮ ಪರಿಚಯದ ಡಾಕ್ಟರಿಗೆ ಒಂದು ಪತ್ರ ಬರೆದುಕೊಟ್ಟು ಕವನಳಿಗೆ ಮತ್ತೆ ಸ್ಕ್ಯಾನ್ ಮಾಡಿಸಿದರು. ಈ ಸಲ ತಾಯಿಯೇ ಪಕ್ಕದಲ್ಲಿದ್ದಳು. ಮುಂದಿನ ಭಾನುವಾರ ಕಳಲೆಯ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಎರಡೂ ಫಿಲ್ಮುಗಳನ್ನು ಹರಡಿದರು.

ಹೊಸ ಫಿಲ್ಮಿನಲ್ಲಿ ಎರಡೂ ಕಡೆ ಸುರುಳಿ ಸರಿಯಾಗಿತ್ತು. ಹಳೆಯದರಲ್ಲಿ ಕಿವಿಯ ಹಾಲೆಯ ಜಾಗದಲ್ಲಿ ಎರಡು ಬಿಳಿ ಚುಕ್ಕೆ, ಸುತ್ತ ಗೀರು. ಅದು ತಿರುಪಿನ ಓಲೆ, ಕಳಚಲು ಬಂದಿರಲಿಲ್ಲ ಎಂದು ಜಾನಕಮ್ಮ ವಿವರಿಸಿದರು. ಕಿವಿ ಚುಚ್ಚಿಸದ ಮಗುವಿಗೆ ಓಲೆ ಎಲ್ಲಿಂದ ಬರಬೇಕು? ಎರಡನೆಯ ಸುಳಿವು, ಮತ್ತಿನ ಸೂಜಿ ಹಾಕದೆ ಈ ಹಳೆಯ ಫಿಲ್ಮ್ ತೆಗೆದದ್ದು ಎಂದು ಸೆಂಟರಿನ ಚೀಟಿಯಲ್ಲಿತ್ತು. ನಮ್ಮ ಜಗಲಿಯಲ್ಲಿ ಒಂದು ಕ್ಷಣವೂ ಕೂರದ ಕವನ ಎಚ್ಚರದಲ್ಲಿ ಮಿಸುಕದೆ ಮಲಗಿರಲು ಸಾಧ್ಯವೇ ಇರಲಿಲ್ಲ. ಹೆಸರು ಕವನಳದು, ಮಲಗಿದ್ದವಳು ಬೇರೆ. ಅಂದು ಅಲ್ಲಿದ್ದ ಇನ್ನೊಂದು ಹುಡುಗಿ, ತಿರುಪಿನ ಓಲೆ ತೊಟ್ಟ ಸಮೀಕ್ಷಾ ಒಬ್ಬಳೇ, ಅವಳನ್ನು ಮಲಗಿಸಬಲ್ಲವರು ದೊಡ್ಡಮ್ಮ ಒಬ್ಬರೇ.

ದೊಡ್ಡಮ್ಮ ತಲೆ ತಗ್ಗಿಸಲಿಲ್ಲ. "ಊಂ, ನಾನೇ ಮಲಗ್ಸಿದ್ದು. ಕೂಸ್ಗೆ ಸೂಜಿ ಆಕಿ ಮತ್ ಬರಿಸ್ತೀವಿ ಅಂದ್ರು. ಅಂಗೆ ಮಲ್ಗಿದ್ ನನ್ ಇನ್ನೊಂದ್ ಮಗ ಎದ್ದೇ ಇಲ್ಲ ಕಣವ್ವ, ಮೂವತ್ತು ವರ್ಸ ಆಯ್ತು. ಇಬ್ರದೂ ಒಂದೇ ರಕ್ತ, ಒಂದೇ ಕಿವುಡು. ಪೋಟ ಯಾರ್ದಾದ್ರೇನು ಅಂದ್ಕಂಡೆ."

ಮುದುಕಿಯ ಮೇಲೆ ರೇಗಲು ಎದ್ದಿದ್ದ ನಾನು ಮತ್ತೆ ಕೂತೆ. ಅಷ್ಟರಲ್ಲಿ ಮಹದೇವಮ್ಮ ಎದ್ದು ಬಂದು ಹಳೆಯ ಫಿಲ್ಮನ್ನು ಕೈಗೆತ್ತಿಕೊಂಡಳು.

"ಅಂಗಾರೆ ಇದು ನನ್ ಮಗಳ್ದು."

ಜಾನಕಮ್ಮ ಸುಳ್ಳು ಹೇಳಲಿಲ್ಲ. ಈ ಆಪರೇಷನ್ ಸಮೀಕ್ಷಾಳಿಗೆ ಆಗದು ಎಂದರು. ಮಧುಶ್ರೀ ಅಳತೊಡಗಿದಳು. ಮಹದೇವಮ್ಮನ ಬಗ್ಗೆ ಹಾಗೆಲ್ಲ ಅಂದುಕೊಂಡಿದ್ದಕ್ಕೆ ನನಗೆ ನನ್ನ ಮೇಲೇ ಅಸಹ್ಯವಾಯಿತು. ಅವಳು ಮಾತ್ರ ಅಳಲಿಲ್ಲ. ಫಿಲ್ಮನ್ನು ಮಡಿಲಲ್ಲಿಟ್ಟುಕೊಂಡು ಮಗಳನ್ನು ಪಕ್ಕಕ್ಕೆಳೆದುಕೊಂಡಳು.

"ಆಗ್ದಿದ್ರೆ ಬ್ಯಾಡ. ನನ್ ಮಗ್ಳು ಕೈಯಲ್ಲೇ ಎಲ್ಲಾನೂ ಏಳ್ತಾಳೆ, ಈ ಮನೇಲಿ ಯಾರೂ ನೋಡಲ್ಲ ಅಷ್ಟೇಯ. ಇನ್ಮೇಲೆ ಅವಳ ಮಾತ ನೀವೆಲ್ಲ ಕಲೀಬೇಕು. ಮೊದ್ಲು ನೀವು, ಅತ್ತೆ."

ದೊಡ್ಡಮ್ಮ ಮೊಮ್ಮಗಳ ಕಡೆ ತಿರುಗಿ, ಎರಡೂ ಕೈಗಳನ್ನು ಅವಳ ಮುಂದೆ ಚಾಚಿದರು. ಸಮೀಕ್ಷಾ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಹೀಗಲ್ಲ, ಹೀಗೆ ಎಂದು ತೋರಿಸಿಕೊಟ್ಟಳು.