ಕೇಳಿದ್ದಕ್ಕಿಂತ ಹೆಚ್ಚು ಬಿಳುಪು

2023ರ ಡಿಸೆಂಬರ್ 2, ಶನಿವಾರ. ಹೊಳೆನರಸೀಪುರದ ಒಂದು ಸ್ಟುಡಿಯೋದಲ್ಲಿ ಮಾರಾಟಕ್ಕಿದ್ದ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಶಟರ್ ಅಂದಿನವರೆಗೆ 38,417 ಬಾರಿ ತೆರೆದು ಮುಚ್ಚಿತ್ತು. ಆ ಸಂಖ್ಯೆಯ ಚೀಟಿಯನ್ನು ಕ್ಯಾಮೆರಾಕ್ಕೇ ಅಂಟಿಸಲಾಗಿತ್ತು. ಕೊಳ್ಳಲು ಬಂದ ನೇತ್ರಾವತಿ ಅದನ್ನು ಓದಿ, ತಲೆಯೆತ್ತಿ ಮಾರುವವನನ್ನು ನೋಡಿದಳು.

"ನೀವಾ?"

ಕನಕರಾಜು ಎದ್ದು ನಿಂತ. "ಕೂತ್ಕಳಿ, ಮೇಡಂ."

"ಫೋನಲ್ಲಿ ಬಂದ ಜಾಹೀರಾತಲ್ಲಿ ಹೆಸರು ಹಾಕಿರ್ಲಿಲ್ಲ. ಹಾಕಿದ್ರೆ ನಾನು ಕೊಣನೂರಿಂದ ಬಸ್ಸೇ ಹತ್ತುತಿರ್ಲಿಲ್ಲ."

ಕಳೆದ ಬೇಸಗೆಯಲ್ಲಿ ಗಂಡಿನ ಕಡೆಯವರಿಗೆ ಕಳುಹಿಸಲು ಕೊಣನೂರಿನ ಮನೆಗೇ ಬಂದು ಅವಳ ಫೋಟೋ ತೆಗೆದವನು ಇವನೇ. ಅದರಲ್ಲಿ ಅವಳ ಕಪ್ಪು ಮೈಬಣ್ಣ ಹಾಲಿನಂತಾಗಿತ್ತು. ಚನ್ನರಾಯಪಟ್ಟಣದಿಂದ ಬಂದವರು ಒಮ್ಮೆ ಫೋಟೋ ನೋಡಿದರು, ಒಮ್ಮೆ ಅವಳನ್ನು ನೋಡಿದರು. ಕಾಫಿ ಮುಟ್ಟದೆ ಎದ್ದರು. ಮೋಸದ ಮನೆಯೆಂಬ ಮಾತು ಊರೆಲ್ಲ ಹರಡಿತು. ತಾಯಿ ಕೃಷ್ಣಮ್ಮ ಸಂತೆಗೆ ಹೋಗುವುದನ್ನೇ ಬಿಟ್ಟರು. ಈಗ ತಂಗಿಯ ಸರದಿ. ಅವಳ ಫೋಟೋವನ್ನು ತಾನೇ, ಇದ್ದದ್ದು ಇದ್ದಂತೆ ತೆಗೆಯಬೇಕೆಂದು ಶಾಲಾ ಶಿಕ್ಷಕಿ ನೇತ್ರಾವತಿ ನಿರ್ಧರಿಸಿದ್ದಳು.

"ಇದು ಬ್ಯಾಡ ನಿಮ್ಗೆ, ತೂಕ ಜಾಸ್ತಿ," ಎಂದ ಅವನು. "ಪಕ್ಕದ್ದು ಚಿಕ್ಕದು. ಹೊಸಬ್ರಿಗೆ ಸಲೀಸು."

"ಮಕ್ಕಳ ಪೇಪರ್ ಬಂಡಲ್ ಹೊರೋ ಕೈ ಇದು. ಬಣ್ಣ ಸರಿಯಾಗಿ ತೋರಿಸ್ತದಾ, ಇಲ್ಲ ಇದೂ ನಿಮ್ಮಂಗೇನಾ?"

"ಕ್ಯಾಮೆರಾ ಸುಳ್ಳು ಹೇಳಲ್ಲ. ಕಂಪ್ಯೂಟರಲ್ಲಿ ಹೇಳ್ಸೋದು."

"ಹೇಳ್ಸಿದೋರು ಯಾರೋ!"

ಅವಳು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಅವನತ್ತಲೇ ತಿರುಗಿಸಿದಳು. ಅವನು ನೆಲ ನೋಡಿದ, ಫ್ಯಾನು ನೋಡಿದ. ಬೇರೆ ದಾರಿಯಿಲ್ಲದೆ ನೇರವಾಗಿ ಲೆನ್ಸಿನೊಳಕ್ಕೆ ನೋಡಿದ. ರೆಪ್ಪೆಗಳು ಒಂದೊಂದಾಗಿ ಸ್ಪಷ್ಟವಾದವು. ಕ್ಲಿಕ್ಕಿಸಬೇಕಾದ ಬೆರಳು ಅಗತ್ಯಕ್ಕಿಂತ ತುಸು ತಡಮಾಡಿತು.

"ಇದೇ ಇರ್ಲಿ," ಎಂದಳು ಅದನ್ನು ಮೇಜಿನ ಮೇಲಿಟ್ಟು, ಇನ್ನಷ್ಟು ಗಡುಸಾಗಿ. "ನಮ್ಮ ಸೋದರಮಾವ ಒಸಿ ಬೆಳ್ಳಗೆ ಮಾಡಿ ಅಂದಿದ್ರು, ನಂಗೊತ್ತು. ನೀವು ಸುಣ್ಣ ಬಳಿದ್ರಿ. ಕೆಲಸ ಬರ್ದಿದ್ರೆ ಬರಲ್ಲ ಅನ್ನಬೇಕಿತ್ತು."

"ಬತ್ತದೆ," ಎಂದ ಕನಕರಾಜು. "ಬೇಕಂತ್ಲೇ ಮಾಡ್ದೆ. ಬಂದೋರು ಎದ್ದು ಓಗ್ಲಿ ಅಂತ."

"ಯಾಕೆ?"

"ಅವತ್ತು ನಗಿ ಅಂದೆ. 'ನಗು ಬಂದ್ರೆ ನಗ್ತೀನಿ, ನಿಮ್ಮ ಕೆಲಸ ನೀವು ನೋಡ್ಕಳಿ' ಅಂದ್ರಿ. ಆವತ್ತಿಂದ ಯಾವ ಕೆಲಸಾನೂ ನೆಟ್ಟಗೆ ನೋಡ್ಕಳಕ್ಕಾಗಿಲ್ಲ, ಮೇಡಂ."

ಅವಳ ಮುಖ ಬಿಸಿಯಾಯಿತು. ಅದರಲ್ಲಿ ಮುಕ್ಕಾಲು ಪಾಲು ಕೋಪ. ಉಳಿದ ಕಾಲು ಪಾಲಿಗೆ ಹೆಸರಿಡಲು ಅವಳು ಒಪ್ಪಲಿಲ್ಲ.

"ಮನಸ್ಸಿದ್ರೆ ಬಂದು ಕೇಳ್ಬೇಕಿತ್ತು. ನಮ್ಮವ್ವನ ತಲೆ ತಗ್ಗಿಸಿ, ಇದೇನ್ರೀ ಇದು? ನಾಚ್ಕೆ ಆಗಲ್ವಾ?"

"ಆಯ್ತದೆ." ಅವನು ಕ್ಯಾಮೆರಾವನ್ನು ಅವಳತ್ತ ಸರಿಸಿದ. "ದುಡ್ಡು ಬ್ಯಾಡ. ಮಡಿಕ್ಕಳಿ."

ಅವಳು ಪೂರ್ತಿ ಹಣವನ್ನು ಮೇಜಿನ ಮೇಲಿಟ್ಟಳು. "ಕ್ಯಾಮೆರಾ ಲೆಕ್ಕ ತೀರ್ತು. ನಮ್ಮವ್ವನ ಲೆಕ್ಕ ಹಂಗೇ ಅದೆ. ಸಂತೆ ದಿನ ಕೊಣನೂರಿಗೆ ಬನ್ನಿ. ಅವ್ವನ್ನ ನಾನು ಕರ್ಕೊಂಬತ್ತೀನಿ. ಜನದ ಮುಂದೆ ಹೇಳಿ, ಕೆಡಿಸಿದ್ದು ನಾನೇ ಅಂತ."

"ಅಂಗಂದ್ರೆ ಆ ಕಡೆಯಿಂದ ಒಂದು ಮದುವೆ ಆರ್ಡರೂ ಬರಲ್ಲ ನಂಗೆ."

"ಗೊತ್ತು."

ಅವನು ಮೇಜಿನ ಮೇಲಿನ ಹಣವನ್ನು ಎಣಿಸದೆ ಡ್ರಾಯರಿಗೆ ಹಾಕಿದ. "ಬತ್ತೀನಿ. ಹೇಳ್ತೀನಿ. ಆಮೇಲೆ?"

ನೇತ್ರಾವತಿ ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿ ಬಾಗಿಲವರೆಗೆ ನಡೆದಳು. ಅಲ್ಲಿ ನಿಂತು, ಅವನ ಮಾಸಿದ ಕಾಲರನ್ನೂ ಮುಖವನ್ನೂ ಒಮ್ಮೆ ಅಳೆದು ನೋಡಿದಳು. ನಗಲಿಲ್ಲ.

"ಮೊದಲು ಅದನ್ನ ತೀರಿಸಿ. ಆಮೇಲಿನ ಮಾತು ನಮ್ಮವ್ವನ ಹತ್ರ ಆಡೋ ಧೈರ್ಯ ಇದ್ರೆ, ಒಂದೊಳ್ಳೆ ಶರ್ಟ್ ಹಾಕ್ಕಂಡ್ ಬನ್ನಿ."